ಕೈಗಾ ವಿರುದ್ಧ ನಿಂತ ಕಾರಂತರು ಮೊಬೈಲ್ ಟವರ್ ಬಗ್ಗೆ ಏನು ಕೇಳುತ್ತಿದ್ದರು?

ಊರಿಗೆ ಮೊಬೈಲ್ ಟವರ್ ಬರುತ್ತೆ ಅಂದ ಕೂಡಲೇ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದಕ್ಕೆ ನೆಟ್‌ವರ್ಕ್ ಬೇಕು, ಇನ್ನೊಂದಕ್ಕೆ ವಿಕಿರಣದ ಭಯ. ಬಂಟ್ವಾಳ ತಾಲೂಕಿನ ಗಡಿಭಾಗದ ಕನ್ಯಾನದಂಥ ಹಳ್ಳಿಗಳಲ್ಲಿ ಈ ಎರಡೂ ಚಿಂತೆ ಒಂದೇ ಮನೆಯೊಳಗೆ ಇರಬಹುದು. ಇಂಥ ಹೊತ್ತಲ್ಲಿ ನೆನಪಾಗಬೇಕಾದವರು ಹತ್ತಿರದ ಪುತ್ತೂರಿನಲ್ಲೇ ದಶಕಗಳ ಕಾಲ ಬದುಕಿದ್ದ ಶಿವರಾಮ ಕಾರಂತರು. ವಿಕಿರಣದ ಪ್ರಶ್ನೆಯನ್ನು ಲೋಕಸಭಾ ಚುನಾವಣೆಯ ಕಣಕ್ಕೇ ಒಯ್ದವರು ಅವರು.

1902ರ ಅಕ್ಟೋಬರ್ 10ರಂದು ಉಡುಪಿ ಬಳಿಯ ಕೋಟದಲ್ಲಿ ಹುಟ್ಟಿದ ಕಾರಂತರು, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಮುಂದೆ ಅವರು ಕಲಿತದ್ದೆಲ್ಲ ತಾವಾಗಿಯೇ. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ಮಾಡಿದರು. ಕಾದಂಬರಿ, ಯಕ್ಷಗಾನದ ಕಾರಂತರು ಎಲ್ಲರಿಗೂ ಗೊತ್ತು. ಆದರೆ ಮಕ್ಕಳಿಗಾಗಿ ಬಾಲ ಪ್ರಪಂಚ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬರೆದವರೂ ಇವರೇ. ಕೀಟನಾಶಕಗಳ ಅಪಾಯವನ್ನು ಜಗತ್ತಿಗೆ ತಿಳಿಸಿದ ರೇಚಲ್ ಕಾರ್ಸನ್ ಅವರ ಸಮುದ್ರದ ಪುಸ್ತಕವನ್ನು ಕನ್ನಡಕ್ಕೆ ತಂದವರೂ ಹೌದು. ಅಂದರೆ, ವಿಜ್ಞಾನ ಕಂಡರೆ ಬೆಚ್ಚುವ ಮನುಷ್ಯ ಅಲ್ಲ ಇವರು.

ಅಧಿಕಾರ ಕಂಡರೂ ಬೆಚ್ಚುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಹೇರಿದಾಗ ಪ್ರತಿಭಟಿಸಿ ಪದ್ಮಭೂಷಣವನ್ನು ವಾಪಸ್ ಮಾಡಿದರು. ಮೂಕಜ್ಜಿಯ ಕನಸುಗಳು ಕಾದಂಬರಿಗೆ ಜ್ಞಾನಪೀಠ ಬಂದ ಮೇಲೆ, ಬೇರೆಯವರಾಗಿದ್ದರೆ ಸನ್ಮಾನಗಳಲ್ಲೇ ಕಾಲ ಕಳೆಯುತ್ತಿದ್ದರೇನೋ. ಕಾರಂತರು ಕೈಗಾ ಕಡೆ ಹೊರಟರು.

ಉತ್ತರ ಕನ್ನಡದ ಕಾಳಿ ನದಿ ದಂಡೆಯಲ್ಲಿ, ಪಶ್ಚಿಮ ಘಟ್ಟದ ಕಾಡಿನ ನಡುವೆ ಅಣು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಅದು. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ದುರಂತ ನಡೆದಿತ್ತು. ಅಪಘಾತ ಆದರೆ ಜನರ ಗತಿ ಏನು, ತ್ಯಾಜ್ಯ ಎಲ್ಲಿಗೆ ಹೋಗುತ್ತೆ ಎಂಬ ಪ್ರಶ್ನೆಗಳಿದ್ದವು. ಕಾರಂತರು ಭಾಷಣ, ಬರವಣಿಗೆಗೆ ನಿಲ್ಲಲಿಲ್ಲ. 1989ರಲ್ಲಿ, 87ನೇ ವಯಸ್ಸಿನಲ್ಲಿ, ಪರಿಸರವನ್ನೇ ವಿಷಯವಾಗಿಟ್ಟುಕೊಂಡು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಸ್ಥಾವರದ ಕೆಲಸ ಮುಂದುವರಿಯಿತು.

1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ರಿಯಾಕ್ಟರ್ ಕಟ್ಟಡದ ಕಾಂಕ್ರೀಟ್ ಗುಮ್ಮಟದ ಒಳಪದರವೇ ಕಳಚಿ ಬಿತ್ತು. ಇಂಧನ ತುಂಬುವ ಮುಂಚೆ ಆಗಿದ್ದರಿಂದ ವಿಕಿರಣ ಸೋರುವ ಮಾತೇ ಇರಲಿಲ್ಲ. ಆದರೆ ಎಲ್ಲವೂ ಸುರಕ್ಷಿತ ಅನ್ನೋ ಮಾತನ್ನು ಯಾಕೆ ಪರೀಕ್ಷಿಸದೆ ಒಪ್ಪಬಾರದು ಎಂದು ಅದು ತೋರಿಸಿತು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2000ದಲ್ಲಿ ಕೈಗಾ ವಾಣಿಜ್ಯ ಉತ್ಪಾದನೆ ಶುರುಮಾಡಿತು. 2009ರಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತು ಹಲವಾರು ನೌಕರರ ದೇಹ ಸೇರಿತು. ಅದೇ ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆಯನ್ನೂ ಮಾಡಿತು. ಎರಡನ್ನೂ ಲೆಕ್ಕಕ್ಕೆ ತಗೋಬೇಕು.

ಈಗ ಟವರ್ ವಿಷಯಕ್ಕೆ ಬರೋಣ. ಕಾರಂತರ ಹೆಸರು ಹೇಳಿ ಟವರ್ ಕಿತ್ತು ಹಾಕಿ ಅನ್ನುವುದು ಸುಲಭ. ಆದರೆ ಅದು ವಿಜ್ಞಾನ ಪ್ರಪಂಚ ಬರೆದವರಿಗೆ ಮಾಡುವ ಅನ್ಯಾಯ. ಕೈಗಾದ ಭಯ ಇದ್ದದ್ದು ಜೀವಕೋಶದ ಡಿಎನ್‌ಎಯನ್ನೇ ಒಡೆಯಬಲ್ಲ ಅಯಾನೀಕರಿಸುವ ವಿಕಿರಣದ ಬಗ್ಗೆ. ಟವರ್ ಹೊರಸೂಸುವ ರೇಡಿಯೋ ತರಂಗಗಳಿಗೆ ಆ ಶಕ್ತಿ ಇಲ್ಲ. ತೀವ್ರತೆ ಬಹಳ ಹೆಚ್ಚಾದರೆ ಅವು ಅಂಗಾಂಶವನ್ನು ಬಿಸಿ ಮಾಡುತ್ತವೆ. ದೂರ ಹೋದಂತೆ ಆ ತೀವ್ರತೆ ಬೇಗನೆ ಇಳಿಯುತ್ತೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು ಕ್ಯಾನ್ಸರ್‌ಕಾರಕ ಆಗಿರಬಹುದಾದ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಅದಕ್ಕೆ ಆಧಾರವಾದ ಸೀಮಿತ ಪುರಾವೆ ಕಿವಿಗೆ ಹಿಡಿಯುವ ಫೋನಿನದ್ದು, ಟವರಿನದ್ದಲ್ಲ. ಇನ್ನೊಂದು ವಿಷಯ: ಸಿಗ್ನಲ್ ದುರ್ಬಲ ಇದ್ದಲ್ಲಿ ಫೋನೇ ಹೆಚ್ಚು ಶಕ್ತಿಯಿಂದ ತರಂಗ ಹೊರಡಿಸುತ್ತದೆ. ಟವರ್ ದೂರ ಓಡಿಸಿದರೆ ಕಿವಿಯ ಪಕ್ಕದ ವಿಕಿರಣ ಹೆಚ್ಚಬಹುದು!

ಹಾಗಂತ ಸುಮ್ಮನಿರಬೇಕಾ? ಬೇಡ. ಭಾರತ 2012ರ ಸೆಪ್ಟೆಂಬರ್‌ನಿಂದ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದೆ. ಕಾಗದದ ಮೇಲಿನ ಈ ಮಿತಿ ನಮ್ಮೂರ ಟವರಿನಲ್ಲಿ ಪಾಲನೆ ಆಗ್ತಿದೆಯಾ ಅಂತ ಕೇಳುವ ಹಕ್ಕು ನಮಗಿದೆ. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್‌ನಲ್ಲಿ ಹತ್ತಿರದ ಟವರಿನ ಮಾಹಿತಿ ನೋಡಬಹುದು, ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ಆ ಅಳತೆಯ ವರದಿಯನ್ನು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಿ ಅಂತ ಒತ್ತಾಯಿಸಬಹುದು.

ಕಾರಂತರು ಮೊದಲು ಓದಿ ತಿಳಿದುಕೊಂಡರು, ಅದನ್ನು ಕನ್ನಡದಲ್ಲಿ ನಾಲ್ಕು ಜನರಿಗೆ ತಿಳಿಸಿದರು, ಆಮೇಲೆ ಬೀದಿಗಿಳಿದರು. ವಾಟ್ಸಾಪ್ ಫಾರ್ವರ್ಡ್ ನೋಡಿ ನೇರ ಬೀದಿಗಿಳಿಯುವ ನಾವು ಮೊದಲ ಎರಡು ಕೆಲಸಗಳನ್ನು ಬಿಟ್ಟುಬಿಟ್ಟಿದ್ದೇವೆ.