ಜೇಮ್ಸ್ ಸ್ಮಿತ್ಸನ್: ಕ್ಯಾಲಮೈನಿನ ಗುಟ್ಟು ಬಿಡಿಸಿದವರು

ತುರಿಕೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ನಮಗೆಲ್ಲ ಗೊತ್ತು. ಕ್ಯಾಲಮೈನ್ ಎಂಬುದು ಮೊದಲು ಗಣಿಯಿಂದ ಬರುವ ಒಂದು ಕಲ್ಲಿನ ಹೆಸರಾಗಿತ್ತು. ಅದನ್ನು ತಾಮ್ರದೊಡನೆ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದರು. ಆ ಕಲ್ಲಿನೊಳಗೆ ನಿಜವಾಗಿ ಏನಿದೆ ಎಂದು ತೋರಿಸಿಕೊಟ್ಟವರು ಜೇಮ್ಸ್ ಸ್ಮಿತ್ಸನ್.

ಅವರು ಹುಟ್ಟಿದ್ದು 1765ರ ಸುಮಾರಿಗೆ, ಪ್ಯಾರಿಸ್‌ನಲ್ಲಿ. ತಂದೆ ಹ್ಯೂ ಪರ್ಸಿ, ಮುಂದೆ ನಾರ್ತಂಬರ್‌ಲ್ಯಾಂಡಿನ ಡ್ಯೂಕ್ ಆದವರು. ತಾಯಿ ಎಲಿಜಬೆತ್ ಮೇಸಿ, ಶ್ರೀಮಂತ ವಿಧವೆ. ಇಬ್ಬರಿಗೂ ಪರಸ್ಪರ ಮದುವೆಯಾಗಿರಲಿಲ್ಲ. ಹಾಗಾಗಿ ಮಗನಿಗೆ ತಂದೆಯ ಪದವಿಯೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಜೇಮ್ಸ್ ಮೇಸಿ ಎಂದೇ ಬೆಳೆದರು. 1800ರಲ್ಲಿ ತಾಯಿ ತೀರಿಕೊಂಡ ಮೇಲೆ ತಂದೆಯ ಮೂಲ ಮನೆತನದ ಹೆಸರಾದ ಸ್ಮಿತ್ಸನ್ ಎಂಬುದನ್ನು ಇಟ್ಟುಕೊಂಡರು.

ಹುಟ್ಟಿನಿಂದ ಸಿಗದ ಗೌರವವನ್ನು ಅವರು ಓದಿನಿಂದ ಗಳಿಸಿದರು. 1786ರಲ್ಲಿ ಆಕ್ಸ್‌ಫರ್ಡ್ ಪದವಿ, ಮರುವರ್ಷವೇ ರಾಯಲ್ ಸೊಸೈಟಿಯ ಸದಸ್ಯತ್ವ. 1791ರಲ್ಲಿ ಪ್ರಕಟವಾದ ಅವರ ಮೊದಲ ಪ್ರಬಂಧ ನಮ್ಮ ದೇಶದ ವಸ್ತುವೊಂದರ ಮೇಲಿತ್ತು. ಬಿದಿರಿನ ಗಿಣ್ಣುಗಳಲ್ಲಿ ಸಿಗುವ, ಯುನಾನಿ ಹಕೀಮರು ತಬಾಶೀರ್ ಎಂದೂ ಆಯುರ್ವೇದದವರು ವಂಶಲೋಚನ ಎಂದೂ ಕರೆಯುವ ಔಷಧಿ ಅದು. ಅದು ಮುಖ್ಯವಾಗಿ ಸಿಲಿಕಾ ಎಂದು ಅವರು ಪ್ರಯೋಗದಿಂದ ತೋರಿಸಿದರು.

1802ರಲ್ಲಿ ಕ್ಯಾಲಮೈನಿನ ಸರದಿ ಬಂತು. ಅದು ಬರೀ ಸತುವಿನ ಆಕ್ಸೈಡ್ ಎಂಬ ಅಭಿಪ್ರಾಯ ಆಗ ಇತ್ತು. ಸ್ಮಿತ್ಸನ್ ಇಂಗ್ಲೆಂಡಿನ ಡರ್ಬಿಶೈರ್, ಮೆಂಡಿಪ್ ಬೆಟ್ಟಗಳು, ಆಸ್ಟ್ರಿಯಾದ ಬ್ಲೈಬರ್ಗ್ ಮುಂತಾದ ಕಡೆಯ ಮಾದರಿಗಳನ್ನು ತೂಗಿ, ಕಾಯಿಸಿ, ಆಮ್ಲದಲ್ಲಿ ಕರಗಿಸಿ ನೋಡಿದರು. ಕೆಲವು ಸತುವಿನ ಕಾರ್ಬೊನೇಟ್ ಆಗಿದ್ದವು. ಇನ್ನೊಂದರಲ್ಲಿ ಸತುವಿನ ಜೊತೆ ಸಿಲಿಕಾ ಇತ್ತು. ಒಂದೇ ಹೆಸರಿನಡಿ ಬೇರೆ ಬೇರೆ ಖನಿಜಗಳು ಅಡಗಿದ್ದವು! ಆಮ್ಲ ಹಾಕಿ ಗುಳ್ಳೆ ಬರುವುದೇ ಎಂದು ನೋಡುವ ನಮ್ಮ ಲವಣ ವಿಶ್ಲೇಷಣೆಯೂ ಇದೇ ದಾರಿಯದು.

ಈ ಭೇದ ಇಂದಿಗೂ ಮುಖ್ಯ. ನೆಲದಾಳದಲ್ಲಿ ಸತು ಹೆಚ್ಚಾಗಿ ಸಲ್ಫೈಡ್ ರೂಪದಲ್ಲಿರುತ್ತದೆ; ಅದೇ ಸ್ಫಾಲರೈಟ್. ಮೇಲ್ಭಾಗದಲ್ಲಿ ಗಾಳಿ, ಮಳೆನೀರು ತಾಗಿ ಅದು ಉತ್ಕರ್ಷಣಗೊಂಡು ಕರಗುತ್ತದೆ. ಕರಗಿದ ಸತು ಸುಣ್ಣಕಲ್ಲಿನೊಡನೆ ವರ್ತಿಸಿ ಕಾರ್ಬೊನೇಟ್ ಆಗುತ್ತದೆ, ಸಿಲಿಕಾ ಸಿಕ್ಕರೆ ಹೆಮಿಮಾರ್ಫೈಟ್ ಆಗುತ್ತದೆ. ಈ ಪದರವೇ ಉತ್ಕರ್ಷಿತ ವಲಯ. ಅದಿರು ಹುಡುಕಲು ಕೊರೆದಾಗ ವರದಿಯಲ್ಲಿ ಸತು ಶೇಕಡಾ 10 ಎಂದು ಬಂದರೆ ಅಷ್ಟೇ ಸಾಲದು. ಸಲ್ಫೈಡನ್ನು ನೊರೆ ತೇಲಿಕೆ ವಿಧಾನದಿಂದ ಸುಲಭವಾಗಿ ಬೇರ್ಪಡಿಸಬಹುದು. ಕಾರ್ಬೊನೇಟ್, ಸಿಲಿಕೇಟ್‌ಗಳು ಹಾಗೆ ಸುಲಭವಾಗಿ ತೇಲುವುದಿಲ್ಲ. ಅವಕ್ಕೆ ಆಮ್ಲದಲ್ಲಿ ಕರಗಿಸುವಂಥ ಬೇರೆ ದಾರಿ ಬೇಕು. ಯಾವ ಖನಿಜ ಎಂದು ತಿಳಿಯದೆ ಗಣಿ ತೆರೆದರೆ ನಷ್ಟ ಖಂಡಿತ.

ಸ್ಮಿತ್ಸನ್ ಮದುವೆಯಾಗಲಿಲ್ಲ. 1829ರಲ್ಲಿ ಇಟಲಿಯ ಜಿನೋವಾದಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಫ್ರಾನ್ಸಿನ ಬ್ಯೂಡಾನ್ ಸತುವಿನ ಕಾರ್ಬೊನೇಟಿಗೆ ಸ್ಮಿತ್ಸನೈಟ್ ಎಂದು ಹೆಸರಿಟ್ಟರು. ಅವರ ಆಸ್ತಿ ಸೋದರನ ಮಗನಿಗೆ ಹೋಯಿತು. ಆತ 1835ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಉಯಿಲಿನಂತೆ ಅದು ಅಮೆರಿಕಕ್ಕೆ ಸೇರಿತು. ಜ್ಞಾನವನ್ನು ಬೆಳೆಸಿ ಹರಡುವ ಸಂಸ್ಥೆಯನ್ನು ವಾಷಿಂಗ್ಟನ್‌ನಲ್ಲಿ ಕಟ್ಟಬೇಕೆಂಬುದು ಅವರ ಇಚ್ಛೆ. ಅವರು ಆ ದೇಶವನ್ನು ಕಣ್ಣಾರೆ ಕಂಡವರೇ ಅಲ್ಲ. 1846ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಹುಟ್ಟಿತು.

1865ರಲ್ಲಿ ಅಲ್ಲಿ ಬೆಂಕಿ ಬಿದ್ದು ಅವರ ಖನಿಜ ಸಂಗ್ರಹವೂ ಬಹುಪಾಲು ಬರಹಗಳೂ ಸುಟ್ಟುಹೋದವು. ಆದರೆ ಅವರು ಕಲಿಸಿದ ಪಾಠ ಉಳಿದಿದೆ: ಹೆಸರನ್ನು ನಂಬಿ ಸುಮ್ಮನಾಗಬಾರದು, ಪರೀಕ್ಷಿಸಿ ತಿಳಿಯಬೇಕು. ತಂದೆಯ ಹೆಸರು ಸಿಗದೆ ಬೆಳೆದ ಆ ಮಗನ ಹೆಸರು ಇಂದು ಒಂದು ಖನಿಜಕ್ಕೂ ಇದೆ, ಜಗತ್ತಿನ ಒಂದು ದೊಡ್ಡ ಜ್ಞಾನಸಂಸ್ಥೆಗೂ ಇದೆ.