ಕೆಂಪು ಚುಕ್ಕೆಯ ಅಬುಲ್ ಅಸ್ವದ್

ಚಿಕ್ಕಂದಿನಲ್ಲಿ ಮದರಸಾದಲ್ಲಿ ಜೇರ್ ಇದ್ದ ಕಡೆ ಪೇಶ್ ಓದಿ ಹಜರತರಿಂದ ಬೈಸಿಕೊಂಡಿದ್ದೇನೆ. ಅಷ್ಟು ಸಣ್ಣ ಗುರುತಿಗೆ ಇಷ್ಟು ಸಿಟ್ಟೇಕೆ ಎಂದು ಆಗ ಅನಿಸಿತ್ತು. ಅಬುಲ್ ಅಸ್ವದ್ ಅದ್ದುಅಲೀ ಅವರ ಬಗ್ಗೆ ಓದಿದ ಮೇಲೆ ಕಾರಣ ತಿಳಿಯಿತು.

ಇರಾಕಿನ ಬಸ್ರಾದಲ್ಲಿ ಬಾಳಿದ ಇವರು ಕವಿ, ಹಜ್ರತ್ ಅಲೀ (ರ) ಅವರ ಅನುಯಾಯಿ, ಕೆಲಕಾಲ ಅಲ್ಲಿನ ನ್ಯಾಯಾಧೀಶರು. ಕೈ ಬಹಳ ಬಿಗಿ ಎಂಬ ಹೆಸರೂ ಇತ್ತು! ಆಗಿನ ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳಿಗೆ ಗುರುತೇ ಇರಲಿಲ್ಲ. ನಾವು ‘ಕ’ ಒಂದನ್ನೇ ಬರೆದು, ಕ, ಕಿ, ಕು ಯಾವುದೆಂದು ಓದುವವರೇ ಊಹಿಸಲಿ ಎಂದು ಬಿಟ್ಟ ಹಾಗೆ. ಹುಟ್ಟು ಅರಬರಿಗೆ ಅದು ತೊಡಕಲ್ಲ. ಆದರೆ ಹೊಸದಾಗಿ ಇಸ್ಲಾಮಿಗೆ ಬಂದ ಅನ್ಯಭಾಷಿಕರು ತಡವರಿಸಿದರು. ಅಬುಲ್ ಅಸ್ವದರ ಮನೆಯಲ್ಲೇ ತಪ್ಪು ನುಸುಳಿತ್ತಂತೆ. ಆಕಾಶ ಎಷ್ಟು ಚೆಂದ ಎಂದು ಮಗಳು ಬೆರಗುಪಟ್ಟರೆ, ಒಂದು ಸ್ವರ ತಪ್ಪಿದ್ದರಿಂದ ಅದು ಆಕಾಶದಲ್ಲಿ ಯಾವುದು ಚೆಂದ ಎಂಬ ಪ್ರಶ್ನೆಯಾಯಿತು. ತಂದೆ ನಕ್ಷತ್ರಗಳೆಂದು ಉತ್ತರ ಕೊಟ್ಟರು.

ಕುರ್‌ಆನ್‌ಗೆ ಸ್ವರದ ಗುರುತು ಹಾಕಿಕೊಡಿ ಎಂದು ಗವರ್ನರ್ ಜಿಯಾದ್ ಕೇಳಿದಾಗ ಇವರು ಮೊದಲು ಒಪ್ಪಲಿಲ್ಲ. ಒಂದು ದಿನ ದಾರಿಯಲ್ಲಿ ಒಬ್ಬ ತೌಬಾ ಸೂರಾದ 3ನೇ ಆಯತ್ ಓದುತ್ತಿದ್ದ. ಒಂದು ಉಕಾರವನ್ನು ಇಕಾರ ಮಾಡಿದ್ದರಿಂದ, ಅಲ್ಲಾಹನು ತನ್ನ ರಸೂಲರ (ಸ) ನಂಟನ್ನೇ ಕಡಿದುಕೊಂಡನೆಂಬ ಭಯಂಕರ ಅರ್ಥ ಬಂತು. ಅಬುಲ್ ಅಸ್ವದ್ ನಡುಗಿಹೋದರು. (ಆತನನ್ನು ಜಿಯಾದನೇ ಬೇಕೆಂದು ಕೂರಿಸಿದ್ದನೆಂದೂ ಹೇಳುತ್ತಾರೆ. ಜಾಣ ಗವರ್ನರ್!)

ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಅವರು ಅಬ್ದುಲ್ ಕೈಸ್ ಕುಲದ ಒಬ್ಬ ಬರಹಗಾರನನ್ನು ಎದುರಿಗೆ ಕೂರಿಸಿಕೊಂಡರು. ಅಕ್ಷರದ ಶಾಯಿಯಲ್ಲದ ಬೇರೆ ಬಣ್ಣ ತೆಗೆದುಕೊಂಡು ತಮ್ಮ ತುಟಿಯನ್ನೇ ನೋಡುತ್ತಿರಲು ಹೇಳಿ ನಿಧಾನವಾಗಿ ಓದತೊಡಗಿದರು. ಬಾಯಿ ತೆರೆದರೆ ಅಕ್ಷರದ ಮೇಲೆ ಚುಕ್ಕೆ, ತುಟಿ ಕೂಡಿದರೆ ಪಕ್ಕದಲ್ಲಿ, ಕೆಳಕ್ಕಿಳಿದರೆ ಅಡಿಯಲ್ಲಿ. ಕೊನೆಯಲ್ಲಿ ‘ನ್’ ದನಿ ಸೇರಿದರೆ ಎರಡು ಚುಕ್ಕೆ. ಕಿವಿಗೆ ಕೇಳುವುದು ಹೀಗೆ ಕಣ್ಣಿಗೆ ಕಂಡಿತು. ನಮ್ಮ ಜಬರ್, ಪೇಶ್, ಜೇರ್ ಇವೇ.

ಅವರು ಹಿಜರಿ 69ರಲ್ಲಿ ಬಸ್ರಾದಲ್ಲೇ ತೀರಿಕೊಂಡರು. ಸುಮಾರು ನೂರು ವರ್ಷಗಳ ನಂತರ ಅದೇ ಊರಿನ ಖಲೀಲ್ ಇಬ್ನ್ ಅಹ್ಮದ್ ಚುಕ್ಕೆಗಳ ಬದಲು ಪುಟ್ಟ ಗೆರೆಗಳನ್ನು ತಂದರು. ಆಮೇಲೆ ಒಂದೇ ಶಾಯಿ ಸಾಕಾಯಿತು. ಆದರೂ ಹಳೆಯ ಕೂಫಿ ಲಿಪಿಯ ಚರ್ಮದ ಹಾಳೆಗಳಲ್ಲಿ ಕಪ್ಪು ಅಕ್ಷರಗಳ ಸುತ್ತ ಆ ಕೆಂಪು ಚುಕ್ಕೆಗಳು ಇಂದಿಗೂ ಇವೆ. ನಮ್ಮ ಮನೆಯ ತಜ್‌ವೀದ್ ಮುಸ್‌ಹಫ್‌ನಲ್ಲಿ ಬಣ್ಣ ಮತ್ತೆ ಬಂದಿದೆ: ಮೂಗಿನ ದನಿಗೆ ಒಂದು, ಎಳೆಯುವ ದನಿಗೆ ಇನ್ನೊಂದು. ತಂಗಿ ಈಗ ಬಣ್ಣ ನೋಡಿಕೊಂಡೇ ಓದುತ್ತಾಳೆ.