ಬಚ್ಚಿಡದ ಬದುಕು, ಬಾಗದ ಕಂಠ: ಡಿಸ್ಕೊ ಗಾಯಕ ಸಿಲ್ವೆಸ್ಟರ್

ಡಿಸ್ಕೊ ಸಂಗೀತದ ಭರಾಟೆ ಅಡಗಿ ದಶಕಗಳೇ ಉರುಳಿವೆ. ಆ ಕಾಲದ ಬಹುಪಾಲು ಹಾಡುಗಳು ಹಳೆಯ ಗಾನತಟ್ಟೆಗಳ ಜೊತೆಯಲ್ಲೇ ಮೂಲೆ ಸೇರಿದವು. ಆದರೆ 1978ರಲ್ಲಿ ಬಿಡುಗಡೆಯಾದ ‘ಯೂ ಮೇಕ್ ಮಿ ಫೀಲ್ (ಮೈಟಿ ರಿಯಲ್)’ ಎಂಬ ಹಾಡು ಇಂದಿಗೂ ನೃತ್ಯಕೂಟಗಳಲ್ಲಿ ಮೊಳಗುತ್ತದೆ. ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಕಾಪಿಡಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2019ರಲ್ಲಿ ಈ ಹಾಡನ್ನು ಸೇರಿಸಿತು. ಆ ಗೌರವವನ್ನು ಕಾಣಲು ಅದನ್ನು ಹಾಡಿದ ಸಿಲ್ವೆಸ್ಟರ್ ಬದುಕಿರಲಿಲ್ಲ. 1988ರಲ್ಲಿಯೇ, 41ನೇ ವಯಸ್ಸಿನಲ್ಲಿ, ಅವರು ಏಡ್ಸ್‌ಗೆ ಬಲಿಯಾಗಿದ್ದರು.

ಸಿಲ್ವೆಸ್ಟರ್ ಕಪ್ಪು ವರ್ಣೀಯರು, ಸಲಿಂಗ ಪ್ರೇಮಿ, ಒಮ್ಮೆ ಗಂಡುಡುಗೆಯಲ್ಲಿ, ಮತ್ತೊಮ್ಮೆ ಹೆಣ್ಣುಡುಗೆಯಲ್ಲಿ ವೇದಿಕೆಗೆ ಬರುತ್ತಿದ್ದವರು. ಅಂದಿನ ಅಮೆರಿಕದಲ್ಲಿ ಕಲಾವಿದನೊಬ್ಬನನ್ನು ಬದಿಗೆ ಸರಿಸಲು ಇವುಗಳಲ್ಲಿ ಒಂದೇ ಕಾರಣ ಸಾಕಾಗಿತ್ತು. ಅವರಾದರೋ ಯಾವುದನ್ನೂ ಮುಚ್ಚಿಡದೆ ಜನಪ್ರಿಯತೆಯ ಮೆಟ್ಟಿಲೇರಿದರು. ಚರ್ಚ್, ಮನೆ, ಧ್ವನಿಮುದ್ರಣ ಸಂಸ್ಥೆ, ದೂರದರ್ಶನ ವಾಹಿನಿ ಹೀಗೆ ಒಂದೊಂದು ಬಾಗಿಲಲ್ಲೂ ಅದಕ್ಕೆ ಬೆಲೆ ತೆತ್ತರು.

ಚರ್ಚ್‌ನ ಅಂಗಳದಲ್ಲಿ ಮೊದಲ ಸ್ವರ

ಸಿಲ್ವೆಸ್ಟರ್ ಜೇಮ್ಸ್ ಹುಟ್ಟಿದ್ದು 1947ರ ಸೆಪ್ಟೆಂಬರ್ 6ರಂದು, ಲಾಸ್ ಏಂಜಲೀಸ್ ನಗರದ ವಾಟ್ಸ್ ಬಡಾವಣೆಯಲ್ಲಿ. ಕಪ್ಪು ಜನರೇ ಹೆಚ್ಚಾಗಿ ನೆಲೆಸಿದ್ದ ಪ್ರದೇಶವದು. ತಂದೆ ಸಂಸಾರವನ್ನು ತೊರೆದು ಹೋದ ಮೇಲೆ ಮಕ್ಕಳ ಹೊಣೆ ತಾಯಿಯ ಹೆಗಲಿಗೆ ಬಿತ್ತು. ತಾಯಿ ಪೆಂಟಕೋಸ್ಟಲ್ ಪಂಥದ ದೈವಭಕ್ತೆ. ಆ ಪಂಥದ ಪ್ರಾರ್ಥನೆಯಲ್ಲಿ ಹಾಡು, ಚಪ್ಪಾಳೆ, ಆವೇಶ ಎಲ್ಲವೂ ಬೆರೆತಿರುತ್ತವೆ. ಮಗು ಸಿಲ್ವೆಸ್ಟರ್ ಹಾಡಲು ಕಲಿತದ್ದು ಇಲ್ಲಿಯೇ. ಗಾಸ್ಪೆಲ್ ಎಂಬ ಭಕ್ತಿಗಾಯನದಲ್ಲಿ ಎಳೆಯ ವಯಸ್ಸಿಗೇ ಹೆಸರು ಮಾಡಿದ ಬಾಲಕ ಬೇರೆ ಬೇರೆ ಚರ್ಚ್‌ಗಳಲ್ಲೂ ಹಾಡಿದ.

ಆದರೆ ಹುಡುಗನ ನಡೆನುಡಿಯಲ್ಲಿದ್ದ ಹೆಣ್ಣುತನ ಭಕ್ತವೃಂದದ ಕಣ್ಣು ತಪ್ಪಲಿಲ್ಲ. ಅವನ ಹಾಡು ಬೇಕಾಗಿತ್ತು, ಅವನು ಬೇಕಾಗಿರಲಿಲ್ಲ. ಕೊಂಕುನುಡಿ ತಾಳಲಾರದೆ ಸುಮಾರು 13ನೇ ವಯಸ್ಸಿನಲ್ಲಿ ಅವನು ಚರ್ಚ್ ಬಿಟ್ಟ. ತಾಯಿಯೊಡನೆ ಜಗಳ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಮನೆಯನ್ನೂ ತೊರೆಯಬೇಕಾಯಿತು.

ಬಂಧುಗಳ, ಗೆಳೆಯರ ಮನೆಗಳಲ್ಲಿ ಅಲೆದ ಆ ದಿನಗಳಲ್ಲಿ ಆಸರೆಯಾದವರು ಅಜ್ಜಿ ಜೂಲಿಯಾ ಮಾರ್ಗನ್. ಒಂದು ಕಾಲಕ್ಕೆ ಬ್ಲೂಸ್ ಹಾಡುತ್ತಿದ್ದ ಈ ಹಿರಿಯ ಜೀವ ಮೊಮ್ಮಗನನ್ನು ಇದ್ದಂತೆಯೇ ಒಪ್ಪಿಕೊಂಡಿತು. ಇದೇ ಅವಧಿಯಲ್ಲಿ ಸಿಲ್ವೆಸ್ಟರ್ ‘ಡಿಸ್ಕ್ವೊಟೇಸ್’ ಎಂಬ ಗೆಳೆಯರ ಕೂಟದಲ್ಲಿ ಬೆರೆತರು. ಹೆಣ್ಣುಡುಗೆ ತೊಡುತ್ತಿದ್ದ ಕಪ್ಪು ವರ್ಣೀಯ ಯುವಕರು ಮತ್ತು ಲಿಂಗಪರಿವರ್ತಿತ ಮಹಿಳೆಯರು ಕಟ್ಟಿಕೊಂಡಿದ್ದ ಕೂಟವದು. ಹೊರಗೆ ಪೊಲೀಸರ ಭಯವಿದ್ದರೂ ಕೂಟದ ಒಳಗೆ ಸಿಂಗಾರಕ್ಕೆ, ಸಂಭ್ರಮಕ್ಕೆ ಕೊರತೆಯಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಕರೆಯಿತು

1970ರಲ್ಲಿ, 22ರ ಹರೆಯದಲ್ಲಿ, ಸಿಲ್ವೆಸ್ಟರ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಹಿಪ್ಪಿಗಳ, ಕಲಾವಿದರ, ಮನೆಯಿಂದ ಹೊರದೂಡಲ್ಪಟ್ಟವರ ನಗರವೆಂದು ಅದು ಆಗಲೇ ಹೆಸರಾಗಿತ್ತು. ಅಲ್ಲಿ ‘ಕಾಕೆಟ್ಸ್’ ಎಂಬ ತಂಡ ಗಡ್ಡ ಬಿಟ್ಟ ಮುಖಕ್ಕೆ ಮಿಂಚುಪುಡಿ ಬಳಿದುಕೊಂಡು, ಲಂಗ ತೊಟ್ಟು ಹುಚ್ಚುಹುಚ್ಚಾದ ರಂಗಪ್ರದರ್ಶನಗಳನ್ನು ನೀಡುತ್ತಿತ್ತು. ಸಿಲ್ವೆಸ್ಟರ್ ಆ ತಂಡ ಸೇರಿದರೂ ಅದರ ಗದ್ದಲದಲ್ಲಿ ಕರಗಲಿಲ್ಲ. ಬ್ಲೂಸ್, ಜಾಸ್ ಗಾಯಕಿಯರ ಹಳೆಯ ಹಾಡುಗಳನ್ನು ಅಭ್ಯಾಸ ಮಾಡಿ, ಒಬ್ಬರೇ ನಿಂತು ಹಾಡುತ್ತಿದ್ದರು.

1971ರ ನವೆಂಬರ್‌ನಲ್ಲಿ ಕಾಕೆಟ್ಸ್ ತಂಡ ನ್ಯೂಯಾರ್ಕ್‌ಗೆ ಹೋಯಿತು. ಗಣ್ಯರು ನೆರೆದಿದ್ದ ಪ್ರದರ್ಶನ ನೆಲಕಚ್ಚಿತು. ವಿಮರ್ಶಕರ ಮೆಚ್ಚುಗೆ ಗಳಿಸಿದ್ದು ಸಿಲ್ವೆಸ್ಟರ್ ಗಾಯನ ಮಾತ್ರ. ಅವರು ತಂಡದಿಂದ ಹೊರಬಂದು ತಮ್ಮದೇ ಹಾದಿ ಹಿಡಿದರು. ‘ಹಾಟ್ ಬ್ಯಾಂಡ್’ ಎಂಬ ವಾದ್ಯಗಾರರ ಬಳಗದೊಂದಿಗೆ 1973ರಲ್ಲಿ ‘ಬ್ಲೂ ಥಂಬ್’ ಸಂಸ್ಥೆಯಿಂದ ಎರಡು ಆಲ್ಬಂಗಳನ್ನು ಹೊರತಂದರು. ಎರಡೂ ಮಾರಾಟವಾಗಲಿಲ್ಲ. ಬ್ಯಾಂಡ್ ಬಿಟ್ಟುಹೋಯಿತು, ಸಂಸ್ಥೆಯೂ ಕೈಬಿಟ್ಟಿತು. ಕೆಲಕಾಲ ಲಂಡನ್‌ನಲ್ಲಿದ್ದು ಹಿಂತಿರುಗಿದ ಸಿಲ್ವೆಸ್ಟರ್ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಅದೃಷ್ಟ ತಿರುಗಿದ ವರ್ಷ

1976ರಲ್ಲಿ ಹಿನ್ನೆಲೆ ಗಾಯಕರಿಗಾಗಿ ಹುಡುಕುತ್ತಿದ್ದಾಗ ಮಾರ್ಥಾ ವಾಶ್ ಮತ್ತು ಇಜೋರಾ ರೋಡ್ಸ್ ಸಿಕ್ಕರು. ಇಬ್ಬರೂ ಗಾಸ್ಪೆಲ್ ಹಿನ್ನೆಲೆಯವರು. ದಢೂತಿ ದೇಹ, ಅದಕ್ಕೆ ತಕ್ಕ ತುಂಬುಕಂಠ. ಮುಂದೆ ‘ವೆದರ್ ಗರ್ಲ್ಸ್’ ಹೆಸರಿನಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧರಾದವರು ಇವರೇ. ಸಿಲ್ವೆಸ್ಟರ್ ಅವರದು ಗಂಡಸಿನ ಕಂಠದ ಸಹಜ ಎಲ್ಲೆಯನ್ನು ದಾಟಿ ತಾರಸ್ಥಾಯಿಯಲ್ಲಿ ಹಾಡುವ ‘ಫಾಲ್ಸೆಟೊ’ ಕ್ರಮ. ಮೂವರ ಸ್ವರ ಬೆರೆತಾಗ ಬಾಲ್ಯದಲ್ಲಿ ಬಿಟ್ಟುಬಂದ ಚರ್ಚ್‌ನ ಗಾನವೃಂದವೇ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು. ಸಲಿಂಗಿಗಳ ನೆಲೆಯಾಗಿ ಬೆಳೆದಿದ್ದ ಕ್ಯಾಸ್ಟ್ರೊ ಬಡಾವಣೆಯ ‘ಎಲಿಫೆಂಟ್ ವಾಕ್’ ಬಾರ್‌ನಲ್ಲಿ ಇವರ ಕಾರ್ಯಕ್ರಮಕ್ಕೆ ಜನ ಕಿಕ್ಕಿರಿಯತೊಡಗಿದರು.

ಹಳೆಯ ತಲೆಮಾರಿನ ಹಾಡುಗಾರ ಹಾಗೂ ನಿರ್ಮಾಪಕ ಹಾರ್ವಿ ಫುಕ್ವಾ ಅವರ ಮೂಲಕ ‘ಫ್ಯಾಂಟಸಿ ರೆಕಾರ್ಡ್ಸ್’ ಜೊತೆ ಒಪ್ಪಂದವಾಯಿತು. 1978ರ ‘ಸ್ಟೆಪ್ 2’ ಆಲ್ಬಂಗಾಗಿ ಸಿದ್ಧವಾದ ಹಾಡುಗಳಲ್ಲಿ ‘ಮೈಟಿ ರಿಯಲ್’ ಕೂಡ ಒಂದು. ಗಿಟಾರ್ ವಾದಕ ಜೇಮ್ಸ್ ವಿರಿಕ್ ಸ್ವರ ಹಾಕಿದ್ದ ಈ ಹಾಡು ಮೊದಲಿಗೆ ಮಧ್ಯಮ ಗತಿಯದಾಗಿತ್ತು. ನೃತ್ಯಶಾಲೆಯೊಂದರಲ್ಲಿ ದೀಪ ನಿರ್ವಹಣೆ ಮಾಡುತ್ತಾ ಸಿಂಥಸೈಸರ್ ಪ್ರಯೋಗಗಳಲ್ಲಿ ತೊಡಗಿದ್ದ ಪ್ಯಾಟ್ರಿಕ್ ಕೌಲಿ ಅಭ್ಯಾಸದ ವೇಳೆ ಅದನ್ನು ಕೇಳಿದರು. ಅವರು ಎಲೆಕ್ಟ್ರಾನಿಕ್ ನಾದಗಳನ್ನು ಸೇರಿಸಿದರು. ಹಾಡಿನ ವೇಗ ಏರಿತು. ಯಂತ್ರದ ನಿಖರ ತಾಳದ ಮೇಲೆ ಭಜನೆಯ ಆವೇಶದ ಕಂಠ ಹರಿಯಿತು. ಈ ಎರಡರ ಮಿಲನವೇ ಆ ಹಾಡಿನ ಗುಟ್ಟು. ಮುಂದಿನ ತಲೆಮಾರಿನ ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕೆ ಅದು ದಾರಿ ತೋರಿತು.

1978ರಲ್ಲಿ ಈ ಹಾಡು ಮತ್ತು ಅದೇ ಆಲ್ಬಂನ ‘ಡಾನ್ಸ್ (ಡಿಸ್ಕೊ ಹೀಟ್)’ ಒಟ್ಟಾಗಿ ಆರು ವಾರ ಕಾಲ ಅಮೆರಿಕದ ನೃತ್ಯಗೀತೆಗಳ ಪಟ್ಟಿಯ ಅಗ್ರಸ್ಥಾನದಲ್ಲಿದ್ದವು. ‘ಮೈಟಿ ರಿಯಲ್’ ಬ್ರಿಟನ್‌ನಲ್ಲಿ 8ನೇ ಸ್ಥಾನಕ್ಕೇರಿತು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ದುಃಖದಲ್ಲಿ ಮುಳುಗಿತು. ಬಹಿರಂಗವಾಗಿ ಸಲಿಂಗಿಯೆಂದು ಹೇಳಿಕೊಂಡು ನಗರಾಡಳಿತಕ್ಕೆ ಚುನಾಯಿತರಾಗಿದ್ದ ಹಾರ್ವಿ ಮಿಲ್ಕ್, ಸಿಲ್ವೆಸ್ಟರ್‌ಗೆ ಪರಿಚಿತರು. ಮಿಲ್ಕ್ ಹುಟ್ಟುಹಬ್ಬದ ಸಮಾರಂಭದಲ್ಲಿ ಸಿಲ್ವೆಸ್ಟರ್ ಹಾಡಿದ್ದರು. 1978ರ ನವೆಂಬರ್ 27ರಂದು ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ನಗರಸಭಾ ಭವನದಲ್ಲೇ ಗುಂಡಿಗೆ ಬಲಿಯಾದರು. ನಾಲ್ಕು ತಿಂಗಳೂ ಕಳೆಯುವ ಮುನ್ನ, 1979ರ ಮಾರ್ಚ್ 11ರಂದು, ಅದೇ ಭವನದ ಎದುರಿಗಿರುವ ವಾರ್ ಮೆಮೋರಿಯಲ್ ಒಪೆರಾ ಹೌಸ್‌ನಲ್ಲಿ ಸಿಲ್ವೆಸ್ಟರ್ ಕಛೇರಿ ನಡೆಯಿತು. ಶಿಷ್ಟ ಸಂಗೀತಕ್ಕೆ ಮೀಸಲಾದ ಆ ಸಭಾಂಗಣದಲ್ಲಿ ಡ್ರ್ಯಾಗ್ ವೇಷಧಾರಿಗಳೂ ಸಿರಿವಂತರೂ ಅಕ್ಕಪಕ್ಕ ಕುಳಿತರು. ಹೊಸ ಮೇಯರ್ ಡಯಾನ್ ಫೈನ್‌ಸ್ಟೈನ್ ಆ ದಿನವನ್ನು ಸಿಲ್ವೆಸ್ಟರ್ ದಿನವೆಂದು ಸಾರಿದರು. ಗಾಯಕನಿಗೆ ನಗರದ ಕೀಲಿಕೈ ಸಂದಿತು. ನೊಂದ ಸಮುದಾಯಕ್ಕೆ ಅಂದಿನ ಸಂಜೆ ಬರಿಯ ಸಂಗೀತ ಸಂಜೆಯಾಗಿರಲಿಲ್ಲ.

ಬದಲಾಗು ಎಂದವರಿಗೆ ಉತ್ತರ

ಏರಿದಷ್ಟೇ ಬೇಗ ಗಾಳಿ ತಿರುಗಿತು. 1979ರ ಜುಲೈ 12ರಂದು ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಗಾನತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಡಿಸ್ಕೊ ವಿರುದ್ಧದ ಈ ರೋಷದ ಹಿಂದೆ ಸಂಗೀತದ ಅಭಿರುಚಿಯಷ್ಟೇ ಅಲ್ಲ, ಆ ಸಂಗೀತವನ್ನು ಪೋಷಿಸಿದ ಕಪ್ಪು ಜನರ ಹಾಗೂ ಸಲಿಂಗಿಗಳ ಕುರಿತ ಅಸಹನೆಯೂ ಇತ್ತೆಂದು ಹಲವು ಸಂಗೀತ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಮಾರುಕಟ್ಟೆ ಕುಸಿದಂತೆ, ಹೆಣ್ಣುತನದ ವೇಷಭೂಷಣ ಕಡಿಮೆ ಮಾಡುವಂತೆ ಸಂಸ್ಥೆಯಿಂದ ಒತ್ತಡ ಬಂತು. ಸಿಲ್ವೆಸ್ಟರ್ ಹೊಂಬಣ್ಣದ ಕೃತಕ ಕೂದಲು, ಹೆಂಗಸರ ಒಳಅಂಗಿ ಧರಿಸಿಯೇ ಸಂಸ್ಥೆಯ ಸಭೆಗೆ ಹಾಜರಾಗಿ ಉತ್ತರ ನೀಡಿದರು.

ಬರಬೇಕಾದ ರಾಯಧನ ಕೈಸೇರಿಲ್ಲವೆಂದು 1982ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2,18,000 ಡಾಲರ್‌ಗೂ ಹೆಚ್ಚು ಹಣ ಸಲ್ಲಬೇಕೆಂದು ಇತ್ಯರ್ಥವಾದರೂ ಕೈಗೆ ಸಿಕ್ಕಿದ್ದು ಅದರ ಹತ್ತನೇ ಒಂದು ಪಾಲಿಗಿಂತ ಕಡಿಮೆ.

ಅದೇ ವರ್ಷ ಕೌಲಿ ಜೊತೆ ಸೇರಿ ‘ಡು ಯು ವಾನ್ನ ಫಂಕ್’ ಹಾಡನ್ನು ಹೊರತಂದರು. ಹಾಡು ಗೆದ್ದಿತು. ಆದರೆ ಕೌಲಿ ಹೆಸರೇ ಇಲ್ಲದಂತಿದ್ದ ಹೊಸ ಕಾಯಿಲೆಯೊಂದರಿಂದ ಕೃಶವಾಗುತ್ತಾ ಹೋಗಿ 1982ರ ನವೆಂಬರ್‌ನಲ್ಲಿ, 32ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಆ ಕಾಯಿಲೆಗೆ ಏಡ್ಸ್ ಎಂಬ ಹೆಸರು ಬಳಕೆಗೆ ಬಂದು ಆಗ ಕೆಲವೇ ತಿಂಗಳಾಗಿತ್ತು.

1986ರ ಕೊನೆಯಲ್ಲಿ ಸಿಲ್ವೆಸ್ಟರ್ ಜೋನ್ ರಿವರ್ಸ್ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋದರು. ನಿರೂಪಕಿ ತಮ್ಮನ್ನು ಡ್ರ್ಯಾಗ್ ಕಲಾವಿದರ ಸಾಲಿಗೆ ಸೇರಿಸಿದಾಗ ಅದನ್ನು ತಿದ್ದಿ, ತಾವು ಸಿಲ್ವೆಸ್ಟರ್, ಅಷ್ಟೇ ಎಂದು ತಿಳಿಸಿದರು. ಬದುಕಿನ ಸಂಗಾತಿಯ ಬಗ್ಗೆಯೂ ಅಂಜಿಕೆಯಿಲ್ಲದೆ ಮಾತನಾಡಿದರು. ಹೊರಗಿನವರು ಅಂಟಿಸಿದ ಯಾವ ಹಣೆಪಟ್ಟಿಯೂ ಅವರಿಗೆ ಹಿಡಿಸುತ್ತಿರಲಿಲ್ಲ.

ಕಾಯಿಲೆಯ ನಡುವೆಯೂ ಬಹಿರಂಗ

1987ರಲ್ಲಿ ಸಂಗಾತಿ ಏಡ್ಸ್‌ನಿಂದ ಮೃತಪಟ್ಟರು. ಸಿಲ್ವೆಸ್ಟರ್‌ಗೂ ಬಿಡದ ಕೆಮ್ಮು ಹತ್ತಿತ್ತು. ಸೋಂಕು ತಮಗೂ ತಗುಲಿರುವುದು ಖಚಿತವೆಂದು ಭಾವಿಸಿದ್ದ ಅವರು ಮೊದಮೊದಲು ಪರೀಕ್ಷೆಗೆ ಒಪ್ಪಲಿಲ್ಲ. 1988ರಲ್ಲಿ ನ್ಯುಮೋನಿಯಾ ತಗುಲಿ ಆಸ್ಪತ್ರೆ ಸೇರಬೇಕಾಯಿತು. ಏಡ್ಸ್ ಎಂದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. ಪ್ರಸಿದ್ಧರು ಕಾಯಿಲೆಯ ಹೆಸರು ಹೊರಬೀಳದಂತೆ ನೋಡಿಕೊಳ್ಳುತ್ತಿದ್ದರು. ಸಿಲ್ವೆಸ್ಟರ್ ಇಲ್ಲಿಯೂ ಬೇರೆ ದಾರಿ ಹಿಡಿದರು. ಆ ವರ್ಷದ ಜೂನ್‌ನಲ್ಲಿ ನಡೆದ ಸಲಿಂಗಿಗಳ ಸ್ವಾತಂತ್ರ್ಯ ಮೆರವಣಿಗೆಯಲ್ಲಿ, ಏಡ್ಸ್ ಪೀಡಿತರ ಫಲಕದ ಜೊತೆ ಗಾಲಿಕುರ್ಚಿಯಲ್ಲಿ ಕುಳಿತು ಸಾಗಿದರು. ಗುರುತು ಸಿಗದಷ್ಟು ಸೊರಗಿದ್ದ ತಾರೆಯನ್ನು ಕಂಡು ದಾರಿಯುದ್ದಕ್ಕೂ ಜನ ಕಣ್ಣೀರಾದರು.

ಪತ್ರಿಕೆಗಳಿಗೆ ಸಂದರ್ಶನ ನೀಡಿ, ಈ ಕಾಯಿಲೆ ಬಿಳಿಯ ಸಲಿಂಗಿಗಳಿಗೆ ಮಾತ್ರ ಸೀಮಿತವೆಂಬ ನಂಬಿಕೆ ಅಪಾಯಕಾರಿ, ಕಪ್ಪು ಜನರಲ್ಲಿ ಅರಿವು ತಲುಪಬೇಕಾಗಿದೆ ಎಂಬುದನ್ನು ಮನವರಿಕೆ ಮಾಡಿಕೊಡಲು ಯತ್ನಿಸಿದರು. ಅಕ್ಟೋಬರ್‌ನಲ್ಲಿ ಕ್ಯಾಸ್ಟ್ರೊ ಬೀದಿ ಉತ್ಸವವನ್ನು ಅವರಿಗೇ ಅರ್ಪಿಸಲಾಯಿತು. ಹಾಸಿಗೆ ಬಿಟ್ಟೇಳಲಾರದಾಗಿದ್ದ ಸಿಲ್ವೆಸ್ಟರ್, ಸಮೀಪದಲ್ಲೇ ಇದ್ದ ಮನೆಯ ಕೋಣೆಯಲ್ಲಿ ಮಲಗಿಯೇ ಜನಸ್ತೋಮ ತಮ್ಮ ಹೆಸರು ಕೂಗುವುದನ್ನು ಆಲಿಸಿದರು. 1988ರ ಡಿಸೆಂಬರ್ 16ರಂದು ಅದೇ ಮನೆಯಲ್ಲಿ ಅವರ ನಿಧನವಾಯಿತು.

ಅಂತ್ಯಸಂಸ್ಕಾರ ಹೇಗಿರಬೇಕೆಂದು ಅವರೇ ಮೊದಲೇ ನಿರ್ಧರಿಸಿದ್ದರು. ಪ್ರಾರ್ಥನೆ ನಡೆದದ್ದು ಓಕ್‌ಲ್ಯಾಂಡ್‌ನ ಲವ್ ಸೆಂಟರ್ ಚರ್ಚ್‌ನಲ್ಲಿ. ಗಾಸ್ಪೆಲ್ ಗಾಯಕ ವಾಲ್ಟರ್ ಹಾಕಿನ್ಸ್ ನಡೆಸುತ್ತಿದ್ದ ಈ ಚರ್ಚ್ ಕೊನೆಯ ವರ್ಷಗಳಲ್ಲಿ ಸಿಲ್ವೆಸ್ಟರ್ ಅವರನ್ನು ತನ್ನವರೆಂದು ಬರಮಾಡಿಕೊಂಡಿತ್ತು. ಕೆಂಪು ಕಿಮೊನೊ ಉಡಿಸಿದ ಪಾರ್ಥಿವ ಶರೀರವನ್ನು ತೆರೆದ ಪೆಟ್ಟಿಗೆಯಲ್ಲಿ ಇರಿಸಲಾಯಿತು. ಗಾನವೃಂದ ಹಾಡಿತು. ಅಂದು ನೆರೆದವರಲ್ಲಿ ಚರ್ಚ್‌ನ ಹಿರಿಯರಿದ್ದರು, ನೃತ್ಯಶಾಲೆಯ ಗೆಳೆಯರೂ ಇದ್ದರು.

ಹಾಡು ಕೊಟ್ಟ ಅನ್ನ

ಸಿಲ್ವೆಸ್ಟರ್ ಕೂಡಿಟ್ಟ ಆಸ್ತಿ ಇರಲಿಲ್ಲ. ಹಾಡುಗಳಿಂದ ಮುಂದೆ ಬರಬಹುದಾದ ರಾಯಧನದ ಮೇಲೆ ಮುಂಗಡ ಪಡೆದಿದ್ದರಿಂದ ಸಾಯುವಾಗ ಸಾಲವೇ ಉಳಿದಿತ್ತು. ಹಾಗಿದ್ದೂ ಅವರು ಉಯಿಲು ಬರೆದಿದ್ದರು. ಮುಂದಿನ ರಾಯಧನ ಸ್ಯಾನ್ ಫ್ರಾನ್ಸಿಸ್ಕೊದ ಎರಡು ಸಂಸ್ಥೆಗಳಿಗೆ ಸೇರಬೇಕೆಂಬುದು ಅವರ ಇಚ್ಛೆ. ಒಂದು, ಏಡ್ಸ್ ರೋಗಿಗಳಿಗೆ ತುರ್ತು ನೆರವು ನೀಡುತ್ತಿದ್ದ ಏಡ್ಸ್ ಎಮರ್ಜೆನ್ಸಿ ಫಂಡ್. ಇನ್ನೊಂದು, ಅಡುಗೆ ಮಾಡಿಕೊಳ್ಳಲಾಗದ ರೋಗಿಗಳಿಗೆ ಊಟ ತಲುಪಿಸಲು 1985ರಲ್ಲಿ ಆರಂಭವಾದ ಪ್ರಾಜೆಕ್ಟ್ ಓಪನ್ ಹ್ಯಾಂಡ್.

ಹಾಡುಗಳು ಮಾರಾಟವಾಗುತ್ತಲೇ ಹೋದವು. ಜಿಮ್ಮಿ ಸಾಮರ್‌ವಿಲ್ ಅವರಂಥ ಗಾಯಕರು ‘ಮೈಟಿ ರಿಯಲ್’ ಹಾಡನ್ನು ಮತ್ತೆ ಹಾಡಿದರು. ಸಾಲ ತೀರಿತು, ಬಳಿಕ ಹಣ ಸೇರತೊಡಗಿತು. ಕಾನೂನಿನ ವಿಧಿವಿಧಾನಗಳು ಬಾಕಿ ಉಳಿದಿದ್ದರಿಂದ ಅದು ವರ್ಷಗಳ ಕಾಲ ಯಾರ ಕೈಗೂ ಸೇರದೆ ಬಿದ್ದಿತ್ತು. ಸಾವಿನ ಎರಡು ದಶಕಗಳ ತರುವಾಯ ತೊಡಕು ಬಿಡಿಸಿಕೊಂಡು ಸುಮಾರು 1,40,000 ಡಾಲರ್ ಮೊತ್ತದ ಮೇಲೆ ಆ ಎರಡು ಸಂಸ್ಥೆಗಳಿಗೆ ಹಕ್ಕು ದೊರೆಯಿತು.

2005ರಲ್ಲಿ ಸಮಾಜಶಾಸ್ತ್ರಜ್ಞ ಜೋಶುವಾ ಗ್ಯಾಮ್ಸನ್ ಬರೆದ ಜೀವನಚರಿತ್ರೆ ಸಿಲ್ವೆಸ್ಟರ್ ಹೆಸರನ್ನು ಹೊಸ ಓದುಗರಿಗೆ ಪರಿಚಯಿಸಿತು. 2014ರಲ್ಲಿ ಅವರ ಬದುಕು ನ್ಯೂಯಾರ್ಕ್‌ನಲ್ಲಿ ಸಂಗೀತ ನಾಟಕವಾಗಿ ರಂಗಕ್ಕೆ ಬಂತು. ಇಂದು ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರು ತಮ್ಮ ಹೆಸರಿನಲ್ಲೇ, ತಮ್ಮ ಉಡುಗೆಯಲ್ಲೇ ವೇದಿಕೆ ಏರುವುದು ಅನೇಕ ದೇಶಗಳಲ್ಲಿ ಅಪರೂಪವಲ್ಲ. ಆ ಅವಕಾಶ ತಾನಾಗಿ ಒದಗಿದ್ದಲ್ಲ. ಬದಲಾಗು ಎಂಬ ಮಾತಿಗೆ ಬಗ್ಗದೆ, ನಷ್ಟವನ್ನೂ ಲೆಕ್ಕಿಸದೆ ಹಾಡಿದವರಿಂದ ದಕ್ಕಿದ್ದು. ಅವರ ಸಾಲಿನಲ್ಲಿ ವಾಟ್ಸ್‌ನ ಆ ಹುಡುಗನ ಹೆಸರು ಮುಂಚೂಣಿಯಲ್ಲಿದೆ.